ಬಾಗಿಲು ತಟ್ಟುವ ತರಬೇತಿ

ಬೇರೆಯವರ ಮನೆ ಬಾಗಿಲು ತಟ್ಟಿ ನಿಂತುಕೊಳ್ಳುವ ಕೆಲಸ ಇದೆ ನೋಡಿ, ಅದರಲ್ಲಿ ನಗು ಬರುವಂಥದ್ದು ಏನಾದರೊಂದು ನಡೆಯದೆ ದಿನ ಮುಗಿಯುವುದೇ ಇಲ್ಲ. ಒಳಗಿರುವವರು ಯಾರೋ, ಅವರ ಒಲೆ ಮೇಲೆ ಏನು ಸೀಯುತ್ತಿದೆಯೋ, ಬೆಳಿಗ್ಗೆ ಗಂಡಹೆಂಡತಿ ಏನು ಜಗಳ ಆಡಿಕೊಂಡಿದ್ದಾರೋ, ಒಂದೂ ಗೊತ್ತಿಲ್ಲದೆ ನಾವು ನಗುಮುಖ ಇಟ್ಟುಕೊಂಡು ನಿಂತಿರುತ್ತೇವೆ.

ನಾನು ಮೂವತ್ತೊಂದು ವರ್ಷ ರೇಷ್ಮೆ ಇಲಾಖೆಯಲ್ಲಿದ್ದವನು. ಬಿಎಸ್ಸಿ ಓದಿದ್ದಕ್ಕೆ ಸರ್ಕಾರ ನನಗೆ ಕೊಟ್ಟ ಕೆಲಸ ಏನಪ್ಪಾ ಅಂದರೆ, ಹಿಂದೂಪುರ, ರೊದ್ದಂ, ಪೆನುಕೊಂಡದ ಸುತ್ತ ಮನೆ ಮನೆಗೆ ಹೋಗಿ, ತಾತನ ಕಾಲದಿಂದ ಹುಳ ಸಾಕಿದವರಿಗೆ ಹುಳ ಸಾಕುವುದು ಹೇಗೆ ಅಂತ ಹೇಳಿಕೊಡುವುದು. ಹಾಗಾಗಿ ಬಾಗಿಲು ನನಗೆ ಹೊಸದಲ್ಲ. ಮುಖದ ಮೇಲೆ ಮುಚ್ಚಿದ ಬಾಗಿಲೂ ಹೊಸದಲ್ಲ.

ರಿಟೈರ್ ಆದ ಮೂರನೇ ತಿಂಗಳಿಗೆ ನಮ್ಮ ಸಭೆಯ ಪಾಸ್ಟರಯ್ಯ ಮನೆಗೆ ಬಂದರು. ವಯಸ್ಸಿನಲ್ಲಿ ನನ್ನ ಮಗನಷ್ಟು, ವಿನಯದಲ್ಲಿ ನನಗಿಂತ ಹಿರಿಯರು. "ಅಂಕಲ್, ಮನೆಮನೆಗೆ ಹೋಗಿ ಯೇಸುವಿನ ಸುವಾರ್ತೆ ಹೇಳೋಕೆ ಹನ್ನೆರಡು ಜನ ಹೆಸರು ಕೊಟ್ಟಿದ್ದಾರೆ. ಭಕ್ತಿ ಬೇಕಾದಷ್ಟಿದೆ. ಆದರೆ ಬಾಗಿಲ ಮುಂದೆ ಹೇಗೆ ನಿಲ್ಲಬೇಕು ಅಂತ ಒಬ್ಬರಿಗೂ ಗೊತ್ತಿಲ್ಲ. ನೀವು ನಾಲ್ಕು ಶನಿವಾರ ಕಲಿಸಿಕೊಡಿ. ಇಲ್ಲಿ ಹಿಂದೂಪುರದಲ್ಲಿ ಅಭ್ಯಾಸ ಮಾಡಿ ಪಾಸಾದವರನ್ನು ಕಲ್ಯಾಣದುರ್ಗಕ್ಕೆ ಕರ್ಕೊಂಡು ಹೋಗೋಣ, ಅಲ್ಲಿ ಪ್ರಾರ್ಥನಾ ಮಂದಿರ ಹೊಸದು" ಅಂದರು.

ನಾನು ಒಪ್ಪಿದೆ. ಒಳಗಿನಿಂದ ನನ್ನ ಹೆಂಡತಿ, "ಮನೇಲಿ ಕೇಳೋರಿಲ್ಲ ಅಂತ ಊರೋರಿಗೆ ಹೇಳೋಕೆ ಹೊರಟ್ರಾ?" ಅಂದಳು.

ಮೊದಲ ದಿನದ ಮೊದಲ ವಿದ್ಯಾರ್ಥಿ

ಮೊದಲ ಶನಿವಾರ ನಾನು ಅರ್ಧ ಗಂಟೆ ಮುಂಚೆ ಹೋದರೆ, ನನಗಿಂತ ಮುಂಚೆ ಒಬ್ಬರು ಬಂದು ಕೂತಿದ್ದರು. ಬೋರ್‌ವೆಲ್ ಮೋಟರ್ ರಿಪೇರಿ ಮಾಡುವ ಮೇಸ್ತ್ರಿ. ನಲವತ್ತೈದರ ಆಸುಪಾಸು, ಕೈಯಲ್ಲಿ ಗ್ರೀಸಿನ ಕರೆ, ಬಾಯಲ್ಲಿ ಮಾತಿಲ್ಲ. ಹಿಂದೂಪುರದಲ್ಲಿ ಎಲ್ಲರೂ ಅವರನ್ನು ಮೋಟರ್ ಮೇಸ್ತ್ರಿ ಅಂತಲೇ ಕರೆಯೋದು.

"ಸಾರ್, ನಂಗೆ ಹನ್ನೆರಡು ಮನೆ, ಇಪ್ಪತ್ತು ಮನೆ ಬ್ಯಾಡ" ಅಂದರು. "ಒಂದೇ ಮನೆ. ಕಲ್ಯಾಣದುರ್ಗದಲ್ಲಿ ನಮ್ಮಣ್ಣಂದು."

"ಅಣ್ಣನ ಮನೆಗೆ ಹೋಗೋಕೆ ತರಬೇತಿ ಯಾಕಪ್ಪಾ?"

"ನಾನು ಸಭೆಗೆ ಸೇರಿದ ವರ್ಷ ಮನೆದೇವರ ಪೂಜೆಗೆ ಬರಲ್ಲ ಅಂದೆ. ಹಂಗಾದ್ರೆ ನನ್ನ ಬಾಗ್ಲಿಗೂ ಬರಬ್ಯಾಡ ಅಂದ. ಎಂಟು ವರ್ಷ ಆಯ್ತು ಸಾರ್. ಎರಡು ಸಲ ಬಸ್ಸಿಳಿದು ಅವನ ಮನೆ ತಿರುವಿನ ತನಕ ಹೋಗಿ ವಾಪಸ್ ಬಂದ್ಬುಟ್ಟೆ. ಬಾಗ್ಲ ಮುಂದೆ ಏನ್ ಹೇಳ್ಬೇಕು ಅಂತ ನೀವು ಕಲಿಸ್ತೀರಂತಲ್ಲ?"

ನನ್ನ ಸರ್ವೀಸಿನಲ್ಲಿ ಇಂಥ ವಿದ್ಯಾರ್ಥಿ ಸಿಕ್ಕಿರಲಿಲ್ಲ. ನನಗೆ ಎಷ್ಟು ಹುರುಪು ಬಂತು ಅಂದರೆ, ಉಳಿದವರು ಸೇರಿದ ಮೇಲೆ ಪಾಠ ಶುರು ಮಾಡಿದೆ ನೋಡಿ, ನಿಲ್ಲಿಸಲೇ ಇಲ್ಲ. ಕರೆದರೆ ಮಾತ್ರ ಒಳಗೆ ಹೋಗಬೇಕು. ಬೇಡ ಅಂದರೆ ನಮಸ್ಕಾರ ಹೇಳಿ ಮುಂದಿನ ಮನೆ. ಇನ್ನೊಬ್ಬರ ದೇವರ ಬಗ್ಗೆ ಒಂದು ಹಗುರ ಮಾತೂ ಆಡಬಾರದು. ಕೊಟ್ಟ ನೀರು ಕುಡಿಯಬೇಕು. ಎಲ್ಲಕ್ಕಿಂತ ಮುಖ್ಯ, ಯಾವ ಮನೆಯಲ್ಲೂ ಹದಿನೈದು ನಿಮಿಷಕ್ಕಿಂತ ಹೆಚ್ಚು ಮಾತಾಡಬಾರದು, ಜನಕ್ಕೆ ಕೆಲಸ ಇರುತ್ತೆ.

ಈ ಕೊನೆಯ ಅಂಶವನ್ನು ಉದಾಹರಣೆ ಸಮೇತ ವಿವರಿಸುವಷ್ಟರಲ್ಲಿ ಎರಡೂಕಾಲು ಗಂಟೆ ಆಗಿತ್ತು. ಹಿಂದಿನ ಸಾಲಿನಲ್ಲಿ ಒಬ್ಬರು ಅಜ್ಜಿ ಕೂತಿದ್ದರು. ಬುಟ್ಟಿ ಹೊತ್ತು ಮನೆ ಮನೆಗೆ ಸೊಪ್ಪು ಮಾರುವವರು, ಸೊಪ್ಪಿನಮ್ಮ. ಅವರು ಸೆರಗು ಕೊಡವಿಕೊಂಡು ಎದ್ದು, "ಸಾರ್, ಹದಿನೈದು ನಿಮಿಷ ಅಂದ್ರೆ ಇದೇನಾ?" ಅಂದರು.

ಉಗ್ರಾಣದ ಬಾಗಿಲು

ಎರಡನೇ ಶನಿವಾರ ಮಾತು ಕಡಿಮೆ ಮಾಡಿ ಎಲ್ಲರನ್ನೂ ಅಭ್ಯಾಸಕ್ಕೆ ಇಳಿಸಿದೆ. ಸಭಾಮಂದಿರದ ಹಿಂದೆ ಜಮಖಾನ, ಪಾತ್ರೆ ಇಡುವ ಉಗ್ರಾಣ ಇದೆ. ಅದರ ಬಾಗಿಲೇ ನಮ್ಮ ಮನೆ ಬಾಗಿಲು. ಒಳಗೆ ಒಬ್ಬರು ಮನೆಯವರಾಗಬೇಕು, ಹೊರಗಿನಿಂದ ಒಬ್ಬರು ತಟ್ಟಿ ಮಾತಾಡಬೇಕು.

ಮೊದಲು ಸೊಪ್ಪಿನಮ್ಮ ಒಳಗೆ, ಮೋಟರ್ ಮೇಸ್ತ್ರಿ ಹೊರಗೆ. ಮೇಸ್ತ್ರಿ ಬಾಗಿಲಿಗೆ ನೋವಾದೀತು ಅನ್ನುವ ಹಾಗೆ ತಟ್ಟಿದರು. ಸೊಪ್ಪಿನಮ್ಮ ಬಾಗಿಲು ತೆಗೆದು, "ಯಾರಪ್ಪಾ? ಏನ್ ಬೇಕಿತ್ತು?" ಅಂದರು. ಮೇಸ್ತ್ರಿ ಬಾಯಿ ತೆರೆದರು, ಮುಚ್ಚಿದರು, ಮತ್ತೆ ತೆರೆದರು. "ತಪ್ಪಾಯ್ತಮ್ಮ, ಬ್ಯಾರೆ ಮನೆ ಅಂದ್ಕೊಂಡೆ" ಅಂತ ಹೇಳಿ ಸೀದಾ ಗೇಟಿನ ಕಡೆ ನಡೆದೇಬಿಟ್ಟರು. ನಾನು ಓಡಿ ಹೋಗಿ ಹಿಡಿದು ತಂದೆ.

ಸರಿ, ಇವರನ್ನು ಮನೆಯವರನ್ನಾಗಿ ಮಾಡೋಣ ಅಂತ ಒಳಗೆ ಕಳಿಸಿದೆ. ಒಬ್ಬರು ಹೋಗಿ ತಟ್ಟಿದರು. ಬಾಗಿಲು ಒಂದು ಗೇಣಷ್ಟೇ ತೆರೆಯಿತು. ಒಳಗಿನಿಂದ ಬಂದ ದನಿ ಕೇಳಿ ನಾನೇ ಒಂದು ಹೆಜ್ಜೆ ಹಿಂದಕ್ಕೆ ಹೋದೆ.

"ಏನ್ಲಾ? ಯಾರ್ ಕರೆದ್ರು ನಿನ್ನ? ನಮ್ಮಪ್ಪನ ಕಾಲದಿಂದ ಇರೋ ದೇವ್ರು ನಿಂಗೇನ್ ಕಮ್ಮಿ ಮಾಡಿತ್ತು? ನೀನು ಜ್ವರ ಬಂದು ಮಲಗಿದ್ದಾಗ ಹೆಗಲ ಮ್ಯಾಲೆ ಹೊತ್ಕೊಂಡು ಆಸ್ಪತ್ರೆಗೆ ಓಡಿದೋನು ಯಾರು? ಇವತ್ತು ನಂಗೇ ಹೇಳೋಕೆ ಬಂದ್ಬುಟ್ಯಾ?"

ತಟ್ಟಿದವರು ಕರಪತ್ರ ಅಲ್ಲೇ ಬಿಟ್ಟು ಬಂದರು. ಎರಡನೆಯವರು ಹೋದರು, ಮೂರನೆಯವರು ಹೋದರು. ಒಬ್ಬರಿಗೂ ಬಾಗಿಲು ಗೇಣಿಗಿಂತ ಅಗಲ ಆಗಲಿಲ್ಲ. ಕೊನೆಗೆ ಪಾಸ್ಟರಯ್ಯ, "ಇರಿ ಅಂಕಲ್, ನಾನು ನೋಡ್ತೀನಿ" ಅಂತ ತೋಳು ಮಡಿಸಿಕೊಂಡು ಹೋದರು. ಐದು ನಿಮಿಷ ಬಿಟ್ಟು ಕರ್ಚೀಫಿನಲ್ಲಿ ಮುಖ ಒರೆಸಿಕೊಂಡು ಬಂದರು.

ಆಮೇಲೆ ನಾನು ಮೇಸ್ತ್ರಿಯನ್ನು ಮೂಲೆಗೆ ಕರೆದು, "ಎಂಥ ನಾಟಕ ಆಡ್ತೀರ್ರೀ!" ಅಂದೆ.

"ನಾಟಕ ಅಲ್ಲ ಸಾರ್. ಎಂಟು ವರ್ಷದಿಂದ ದಿನಾ ನನ್ನ ತಲೇಲಿ ಅಣ್ಣ ಹಿಂಗೇ ಬೈತಾವ್ನೆ."

ನನಗೆ ಮಾತು ಹೊರಡಲಿಲ್ಲ. ನನಗೆ ಮಾತು ಹೊರಡದೆ ಇದ್ದದ್ದು ಅದೇ ಮೊದಲು ಅಂತ ಆಮೇಲೆ ನನ್ನ ಹೆಂಡತಿ ಲೆಕ್ಕ ಹಾಕಿ ಹೇಳಿದಳು.

ಸೊಪ್ಪಿನಮ್ಮನ ಮೊದಲ ಮನೆ

ಮೂರನೇ ಶನಿವಾರ ನಿಜವಾದ ಮನೆಗಳು. ಇಬ್ಬಿಬ್ಬರ ಜೋಡಿ. ಸೊಪ್ಪಿನಮ್ಮನಿಗೆ ಜೋಡಿ ಮೋಟರ್ ಮೇಸ್ತ್ರಿ, ಅವರ ಹಿಂದೆ ಪರೀಕ್ಷಕನಾಗಿ ನಾನು. ನೇಯುವವರ ಬೀದಿ. ಒಳಗೆ ಮಗ್ಗದ ಸದ್ದು ನಡೆದೇ ಇತ್ತು.

ನಾನು ಕಲಿಸಿದ್ದು ಏನು? ಬಾಗಿಲನ್ನು ಮೂರು ಸಲ ಮೆಲ್ಲಗೆ ತಟ್ಟಿ, ಎರಡು ಹೆಜ್ಜೆ ಹಿಂದೆ ನಿಂತು, ಕೈಮುಗಿದು "ನಮಸ್ಕಾರ" ಅನ್ನಬೇಕು. ಸೊಪ್ಪಿನಮ್ಮ ಎದೆ ತುಂಬಾ ಉಸಿರು ಎಳೆದುಕೊಂಡರು. ಮೂವತ್ತು ವರ್ಷದ ಅಭ್ಯಾಸ ನೋಡಿ, ಬಾಗಿಲು ಕಂಡ ತಕ್ಷಣ ಬಾಯಿ ತನ್ನಷ್ಟಕ್ಕೆ ತಾನೇ ಕೂಗಿಬಿಟ್ಟಿತು: "ಮೆಂತ್ಯಾ, ದಂಟೂ, ಕೊತ್ತುಂಬ್ರೀ!"

ಮಗ್ಗದ ಸದ್ದು ನಿಂತಿತು. ಮನೆಯಾಕೆ ಬುಟ್ಟಿ ಹಿಡಿದು ಓಡಿಬಂದರು. ಎದುರು ಮನೆಯಿಂದ ಇನ್ನೊಬ್ಬರು, ಅಕ್ಕಪಕ್ಕದ ಎರಡು ಮನೆಯಿಂದ ಮತ್ತಿಬ್ಬರು. ಒಂದು ಬಾಗಿಲು ತಟ್ಟದೆ ನಾಲ್ಕು ಬಾಗಿಲು ತೆರೆದಿದ್ದವು. "ಏಮವ್ವಾ, ಬುಟ್ಟ ಏದಿ?" ಅಂತ ತೆಲುಗಿನಲ್ಲಿ ಒಬ್ಬರು ಕೇಳಿದರು. ಬುಟ್ಟಿ ಎಲ್ಲಿ ಅಂದರೆ ಎಲ್ಲಿಂದ ತರೋಣ? ಕೈಯಲ್ಲಿ ಇದ್ದದ್ದು ಬೈಬಲ್ ಮತ್ತು ಹತ್ತು ಕರಪತ್ರ.

ನಾನು ಕಣ್ಣು ಮುಚ್ಚಿಕೊಂಡೆ. ಸೊಪ್ಪಿನಮ್ಮ ಮಾತ್ರ ಒಂದು ಚೂರೂ ಅಳುಕಲಿಲ್ಲ. ಅಲ್ಲೇ ಜಗುಲಿ ಮೇಲೆ ಕೂತು, "ಸೊಪ್ಪು ನಾಳಿಕ್ಕೆ ತತ್ತೀನಿ ಕಣಮ್ಮ. ದಿನಾ ಸೊಪ್ಪು ಕೊಟ್ಟು ಓಡೋಯ್ತಿದ್ದೆ, ನಿಮ್ಮ ಕಷ್ಟಸುಖ ಕೇಳ್ದೋಳೇ ಅಲ್ಲ. ಇವತ್ತು ಅದಕ್ಕೇ ಬಂದೆ. ನನ್ನ ದೇವ್ರು ನನ್ನ ಕಷ್ಟದಾಗೆ ಹೆಂಗೆ ಕೈಹಿಡಿದ ಅಂತ ಕೇಳೋ ಮನಸ್ಸಿದ್ರೆ ಹೇಳ್ತೀನಿ, ಇಲ್ದಿದ್ರೆ ನಿಮ್ದು ಕೇಳ್ಕೊಂಡು ಹೋಯ್ತೀನಿ" ಅಂದರು.

ನಾಲ್ಕು ಜನವೂ ಕೂತರು. ಒಬ್ಬರಿಗೆ ಮಂಡಿನೋವು, ಒಬ್ಬರಿಗೆ ಸೊಸೆ ನೋವು. ಸೊಪ್ಪಿನಮ್ಮ ಎಲ್ಲ ಕೇಳಿಸಿಕೊಂಡರು, ಎರಡು ಮಾತು ತಮ್ಮದು ಹೇಳಿದರು, ಅವರು ಒಪ್ಪಿದ ಮೇಲೆ ಪ್ರಾರ್ಥನೆ ಮಾಡಿದರು. ನನ್ನ ಎರಡೂಕಾಲು ಗಂಟೆ ಪಾಠದಲ್ಲಿ ಇಲ್ಲದೆ ಇದ್ದದ್ದು ಅಷ್ಟೂ ಆ ಜಗುಲಿ ಮೇಲಿತ್ತು.

ಏಳುವಾಗ ಮನೆಯಾಕೆ, "ಮತ್ತೆ ಬಾರಮ್ಮ" ಅಂದರು. ನಾನು ಹಿಗ್ಗಿ, "ಖಂಡಿತ ಬರ್ತಾರೆ, ಮುಂದಿನ ಶನಿವಾರ!" ಅಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಶನಿವಾರದ ತನಕ ಕೊತ್ತಂಬರಿ ಇಲ್ದೆ ಸಾರು ಮಾಡ್ಲಾ?" ಅಂದರು.

ಏನು ಮಾತಾಡಿದಿರಿ?

ಸೊಪ್ಪಿನಮ್ಮ ಪಾಸ್. ಮೇಸ್ತ್ರಿಯ ಗತಿ ಏನು? ಐದು ಮನೆಯಲ್ಲಿ ತಾವೇ ಮಾತಾಡಿದವರಿಗೆ ಮಾತ್ರ ಕಲ್ಯಾಣದುರ್ಗ ಅಂತ ಪಾಸ್ಟರಯ್ಯ ನಿಯಮ ಮಾಡಿದ್ದರು. ಮೇಸ್ತ್ರಿ ಮೂರನೇ ಶನಿವಾರ ಪೂರ್ತಿ ಸೊಪ್ಪಿನಮ್ಮನ ಬೆನ್ನ ಹಿಂದೆ ಕಳೆದಿದ್ದರು. ನಾಲ್ಕನೇ ಶನಿವಾರ ನಾನು ಗಟ್ಟಿ ಮನಸ್ಸು ಮಾಡಿ, "ಇವತ್ತು ನಾವು ಯಾರೂ ಬರಲ್ಲ, ನೀವೊಬ್ಬರೇ ಹೋಗಿ" ಅಂತ ಕಳಿಸಿದೆ. ಇಬ್ಬಿಬ್ಬರು ಹೋಗಬೇಕು ಅನ್ನೋ ನಿಯಮ ನಾನೇ ಮಾಡಿದ್ದು, ನಾನೇ ಮುರಿದೆ.

ಸಂಜೆ ಬಂದರು, ಬಟ್ಟೆಯೆಲ್ಲ ನೀರು. ಪ್ರತಿ ಮನೆಗೂ ಒಂದು ವರದಿ ಹಾಳೆ ತುಂಬಬೇಕಿತ್ತು. ಪಾಸ್ಟರಯ್ಯ ತೆಗೆದು ಓದಿದರು. "ಏನು ಮಾತಾಡಿದಿರಿ?" ಅನ್ನುವ ಜಾಗದಲ್ಲಿ ದುಂಡಗೆ ಬರೆದಿತ್ತು: "ಬೇರಿಂಗ್ ಹೋಗಿದೆ." "ಮನೆಯವರಿಗೆ ಯಾವುದರ ಅಗತ್ಯ ಇದೆ?": "ಫುಟ್‌ವಾಲ್ವ್." "ಮನೆಯವರ ಪ್ರತಿಕ್ರಿಯೆ?": "ನೀರು ಬಂತು."

ಆಗಿದ್ದು ಇಷ್ಟು. ಮೊದಲ ಮನೆ ಬಾಗಿಲಲ್ಲಿ ನಿಂತಾಗ ಎಂದಿನಂತೆ ಮಾತು ನಿಂತುಹೋಯಿತು. ಆದರೆ ಹಿತ್ತಲಿನಲ್ಲಿ ಮೋಟರ್ ಗರ್ರ್ ಅಂತ ನರಳುತ್ತಿತ್ತಂತೆ. ಮೇಸ್ತ್ರಿ ಕಿವಿ ಅದನ್ನು ಕೇಳಿಕೊಂಡು ಸುಮ್ಮನಿರುತ್ತದೆಯೇ? ಒಳಗೆ ಹೋಗಿ ಬಿಚ್ಚಿ ಸರಿಮಾಡಿದರು. ಕೈಗೆ ಸ್ಪ್ಯಾನರ್ ಬಂದ ಮೇಲೆ ಬಾಯಿಗೂ ಧೈರ್ಯ ಬಂತು. ದುಡ್ಡು ತಗೊಳ್ಳಲ್ಲ ಅಂದಾಗ ಮನೆಯವರು ಯಾಕೆ ಅಂದರು, ಅದಕ್ಕೆ ಉತ್ತರವಾಗಿ ಎರಡು ಮಾತು ಯೇಸುವಿನ ಬಗ್ಗೆ ಹೇಳಿದರು. ಅಷ್ಟರಲ್ಲಿ ಪಕ್ಕದ ಮನೆಯವರು ನಮ್ಮದೂ ನೋಡಿ ಅಂದರು. ಹಾಗೆ ಐದು ಮನೆ.

"ಇದು ಪಾಸಾ, ಫೇಲಾ ಅಂಕಲ್?" ಅಂತ ಪಾಸ್ಟರಯ್ಯ ತಲೆ ಕೆರೆದುಕೊಂಡರು. ಭಾನುವಾರ ನೋಡೋಣ ಅಂದೆ.

ಭಾನುವಾರ ಆರಾಧನೆಗೆ ಆ ಐದು ಮನೆಗಳಲ್ಲಿ ಒಂದರ ಯಜಮಾನರು ಬಂದೇಬಿಟ್ಟರು! ಬಿಳಿ ಪಂಚೆ, ಹಣೆಯಲ್ಲಿ ಕುಂಕುಮ, ಮೊದಲ ಸಾಲಿನಲ್ಲೇ ಕೂತರು. ಪಾಸ್ಟರಯ್ಯನಿಗೆ ಎಷ್ಟು ಸಂತೋಷ ಅಂದರೆ ಅವತ್ತು ಉಪದೇಶ ಇಪ್ಪತ್ತು ನಿಮಿಷ ಹೆಚ್ಚು. ಯಜಮಾನರು ಕದಲದೆ ಕೇಳಿದರು. ಕೊನೆಗೆ ಪಾಸ್ಟರಯ್ಯ ಹತ್ತಿರ ಹೋಗಿ ಕೈಹಿಡಿದು, "ಅಣ್ಣಾ, ನಿಮ್ಮ ಮನಸ್ಸಿನಲ್ಲಿ ಏನಿದೆ ಹೇಳಿ" ಅಂದರು.

"ಎಲ್ಲಾ ಚೆನ್ನಾಗಿತ್ತಪ್ಪ" ಅಂದರು ಅವರು. "ಮೇಸ್ತ್ರಿ ಎಲ್ಲವ್ನೆ? ನಮ್ಮ ಬೀಗರ ಮನೆ ಮೋಟರೂ ಕೆಟ್ಟೈತೆ."

ಪಾಸ್ಟರಯ್ಯ ನನ್ನ ಕಡೆ ತಿರುಗಿ, "ಪಾಸ್" ಅಂದರು.

ಉಪದೇಶ ಕೇಳಿ ಬಂದೆವು

ಕಲ್ಯಾಣದುರ್ಗಕ್ಕೆ ಬಸ್ಸಿನಲ್ಲಿ ಹೋದೆವು. ಸೊಪ್ಪಿನಮ್ಮ, ಮೇಸ್ತ್ರಿ, ನಾನು ಒಂದು ತಂಡ. ದಾರಿಯುದ್ದಕ್ಕೂ ಮೇಸ್ತ್ರಿ ತುಟಿ ಅಲ್ಲಾಡಿಸುತ್ತಲೇ ಇದ್ದರು. ನಾನು ಕಲಿಸಿದ ವಾಕ್ಯಗಳನ್ನು ಉರು ಹೊಡೆಯುತ್ತಿದ್ದರು.

ಬ್ರಹ್ಮಸಮುದ್ರದ ರಸ್ತೆ ಕಡೆ ಮೊದಲನೇ ಮನೆ ಒಬ್ಬ ರೈತ ತಾತನದು. ಕೈಹಿಡಿದು ಕೂರಿಸಿದರು, ಮಜ್ಜಿಗೆ ಕೊಟ್ಟರು. ಸೊಪ್ಪಿನಮ್ಮ ಹೇಳಿದ್ದೆಲ್ಲ ಕಣ್ಣು ಮುಚ್ಚಿ ಕೇಳಿ, "ಒಳ್ಳೇದು ಕಣಮ್ಮ. ಯಾವ ದೇವ್ರ ಮಾತಾದ್ರೂ ಒಳ್ಳೇ ಮಾತೇ. ಈಗ ನಾನೊಂದು ಹೇಳ್ತೀನಿ" ಅಂತ ಶುರು ಮಾಡಿದರು. ಅವರ ಮನೆದೇವರು ಬಂದ ಕಥೆ, ಅವರ ತಾತ ತೀರಿಕೊಂಡ ಕಥೆ, ತತ್ವಪದ ನಾಲ್ಕು, ರಾಗವಾಗಿ. ಹದಿನೈದು ನಿಮಿಷದ ನಿಯಮ ನಮಗೆ ತಾನೇ, ಅವರಿಗಿಲ್ಲವಲ್ಲ. ಬಿಸಿಲು ಜಗುಲಿಯಿಂದ ಇಳಿದು ಅಂಗಳ ದಾಟಿತು.

ಹೊರಡುವಾಗ ಅವರು ಗೇಟಿನ ತನಕ ಬಂದು, "ಇಷ್ಟು ಶ್ರದ್ಧೆಯಿಂದ ನನ್ನ ಮಾತು ನಮ್ಮ ಮನೇಲಿ ಯಾರೂ ಕೇಳಿರಲಿಲ್ಲ. ಎಂಥ ಒಳ್ಳೇ ತರಬೇತಿ ಕೊಟ್ಟವ್ರೆ ನಿಮಗೆ!" ಅಂದರು. ನನ್ನ ತರಬೇತಿಯನ್ನು ಹೊಗಳಿದವರು ಇವತ್ತಿಗೂ ಅವರೊಬ್ಬರೇ.

ಅಣ್ಣನ ಮನೆ

ಕೊನೆಗೆ ಆ ತಿರುವು ಬಂತು. ಮೇಸ್ತ್ರಿ ನಿಂತರು. "ಸಾರ್, ಇವತ್ತು ಬ್ಯಾಡ. ಇನ್ನೊಂದು ದಿವಸ ಬತ್ತೀನಿ" ಅಂದರು.

"ಐದು ಮನೆ ಮೋಟರ್ ಬಿಚ್ಚಿದೋನು ಒಂದು ಬಾಗ್ಲಿಗೆ ಹೆದ್ರುತೀಯೇನ್ಲಾ!" ಅಂತ ಸೊಪ್ಪಿನಮ್ಮ ರಟ್ಟೆ ಹಿಡಿದು ಎಳೆದುಕೊಂಡೇ ನಡೆದರು.

ಬಾಗಿಲು ತೆರೆದೇ ಇತ್ತು. ಪಡಸಾಲೆಯಲ್ಲಿ ಮೇಸ್ತ್ರಿಯದೇ ಮೂಗು, ಮೇಸ್ತ್ರಿಯದೇ ಕಿವಿ, ಆದರೆ ಬಿಳಿ ಮೀಸೆ. ಬಿತ್ತನೆಗೆ ಕಡಲೆಕಾಯಿ ಸುಲಿಯುತ್ತಾ ಕೂತಿದ್ದರು. ತಲೆಯೆತ್ತಿ ನೋಡಿದರು. ಕೈ ನಿಂತಿತು. ಅವತ್ತು ಉಗ್ರಾಣದಲ್ಲಿ ಕೇಳಿದ ಬೈಗುಳ ಒಂದೂ ಬರಲಿಲ್ಲ. ತಮ್ಮನನ್ನು ನೋಡಿ ಆದಮೇಲೆ, ಗುರುತೇ ಇಲ್ಲದ ನನ್ನ ಕಡೆ ತಿರುಗಿದರು.

"ಸಾರ್, ಅವ್ನು ಇಷ್ಟು ಸಣ್ಣಗಾಗವ್ನಲ್ಲ, ಊಟ ಸರಿಯಾಗಿ ಮಾಡ್ತಾನೋ ಇಲ್ವೋ ಕೇಳಿ."

ಮೇಸ್ತ್ರಿ ಎರಡು ಮಾರು ದೂರದಲ್ಲಿ ನಿಂತಿದ್ದಾರೆ. ನಾನು ತಿರುಗಿ, "ಊಟ ಸರಿಯಾಗಿ ಮಾಡ್ತೀರಾ?" ಅಂದೆ.

"ಮಾಡ್ತೀನಿ ಅಂತ ಹೇಳಿ ಸಾರ್."

"ಮಾಡ್ತಾರಂತೆ."

"ಸುಳ್ಳು ಅಂತ ಹೇಳಿ ಸಾರ್. ಇವಳೇ, ಮುದ್ದೆಗೆ ಎಸರಿಡು!"

ಅತ್ತಿಗೆ ಆಗಲೇ ಇಟ್ಟಿದ್ದರು. ಕಿಟಕಿಯಲ್ಲಿ ನೋಡಿದ್ದರಂತೆ. ಊಟ ಮುಗಿಯುವ ತನಕ ನಾನು ಇಬ್ಬರ ನಡುವೆ ಕೂತು ಫೋನಿನ ತಂತಿಯ ಕೆಲಸ ಮಾಡಿದೆ. "ಸಾರು ಬೇಕಾ ಕೇಳಿ." "ಸಾಕು ಅಂತ ಹೇಳಿ." "ಮೊದ್ಲು ಮೂರು ಮುದ್ದೆ ತಿಂತಿದ್ದ, ಈಗೇನಾಗೈತಂತೆ ಕೇಳಿ." ಈ ಗಲಾಟೆಯಲ್ಲಿ ನನಗೆ ತುತ್ತು ಎತ್ತಲು ಬಿಡುವಿಲ್ಲ. ಸೊಪ್ಪಿನಮ್ಮ ಮಾತ್ರ ತಲೆ ಬಗ್ಗಿಸಿ ಎರಡು ಮುದ್ದೆ ಮುಗಿಸಿದ್ದರು.

ಕೈ ತೊಳೆದ ಮೇಲೆ ಮೇಸ್ತ್ರಿ ಎದ್ದು ನಿಂತರು. ಕೈಮುಗಿದರು. ಬೆವರು ಇಳಿಯುತ್ತಿತ್ತು. ಅಣ್ಣನ ಮುಖವನ್ನೇ ನೋಡುತ್ತಾ ಉರು ಹೊಡೆದದ್ದನ್ನು ಒಂದೇ ಉಸಿರಿಗೆ ಒಪ್ಪಿಸಿದರು. "ನಮಸ್ಕಾರ. ನಾವು ಹಿಂದೂಪುರದಿಂದ ಬಂದಿದ್ದೇವೆ. ನಿಮಗೆ ತೊಂದರೆ ಇಲ್ಲದಿದ್ದರೆ ನಿಮ್ಮ ಹದಿನೈದು ನಿಮಿಷ ಕೊಡುತ್ತೀರಾ?"

ಅಣ್ಣನ ಬಾಯಿ ತೆರೆದೇ ಉಳಿಯಿತು. "ಎಂಟು ವರ್ಷ ಆದ್ಮ್ಯಾಲೆ ಬಂದು ಹದಿನೈದು ನಿಮಿಷ ಕೇಳ್ತೀಯೇನ್ಲಾ!" ಅಂತ ಗುಡುಗಿದರು. ನನ್ನ ಮೂಲಕ ಅಲ್ಲ, ನೇರ. ಅಷ್ಟು ಹೇಳಿ ಟವೆಲ್ಲಿನಿಂದ ಮುಖ ಮುಚ್ಚಿಕೊಂಡರು. ಮೇಸ್ತ್ರಿಯೂ ಅಲ್ಲೇ ಕೂತು ಅತ್ತುಬಿಟ್ಟರು. ಸೊಪ್ಪಿನಮ್ಮ ನನಗೆ ಕಣ್ಸನ್ನೆ ಮಾಡಿದರು, ನಾವು ಅಂಗಳಕ್ಕೆ ಬಂದೆವು. ಒಳಗೆ ಏನು ಮಾತಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

ಹೊರಡುವಾಗ ಅಣ್ಣ ಗಟ್ಟಿಯಾಗಿ, ಬೀದಿಗೆಲ್ಲ ಕೇಳುವ ಹಾಗೆ ಹೇಳಿದರು: "ನಿನ್ನ ಮಾತು ನಾನು ಒಪ್ಪಿಲ್ಲ ಕಣ್ಲಾ. ಮುಂದಿನ ಮಂಗಳವಾರ ಬಂದು ಸರಿಯಾಗಿ ಹೇಳು."

ಮೇಸ್ತ್ರಿ ಹೋದರು. ಆ ಮಂಗಳವಾರವೂ ಅಣ್ಣ ಒಪ್ಪಲಿಲ್ಲ, ಮುಂದಿನ ಮಂಗಳವಾರಕ್ಕೆ ಬಾ ಅಂದರು. ಅದರ ಮುಂದಿನದೂ ಹಾಗೇ. ಮೇಸ್ತ್ರಿ ಅಂಗಡಿಗೆ ಮಂಗಳವಾರ ರಜ ಅಂತ ಬೋರ್ಡೇ ಬಿತ್ತು. ಮೈಯಲ್ಲೂ ಸ್ವಲ್ಪ ತುಂಬಿಕೊಂಡರು. ಐದು ತಿಂಗಳಾದ ಮೇಲೆ ಪಾಸ್ಟರಯ್ಯನಿಗೆ ತಾಳ್ಮೆ ಕೆಟ್ಟು, "ಅಂಕಲ್, ಇಷ್ಟು ವಾರ ಆದರೂ ಆ ಮನುಷ್ಯನಿಗೆ ಯಾವುದು ಅಡ್ಡ ಬರ್ತಿದೆ ಅಂತ ನೀವೇ ಒಮ್ಮೆ ನೋಡಿಬನ್ನಿ" ಅಂತ ನನ್ನನ್ನೂ ಕಳಿಸಿದರು.

ಹೋದೆ. ಅಣ್ಣತಮ್ಮ ಹಿತ್ತಲಿನಲ್ಲಿ ಮೋಟರ್ ಬಿಚ್ಚಿಕೊಂಡು ಜೋರಾಗಿ ವಾದ ಮಾಡುತ್ತಿದ್ದರು, ದೇವರ ಬಗ್ಗೆಯೋ ವಾಷರ್ ಬಗ್ಗೆಯೋ ತಿಳಿಯಲಿಲ್ಲ. ಅತ್ತಿಗೆ ನನಗೆ ಕಾಫಿ ಕೊಟ್ಟು, ಸುತ್ತ ನೋಡಿ, ದನಿ ತಗ್ಗಿಸಿದರು.

"ನಿಮ್ಮ ಪಾಸ್ಟರಯ್ಯಂಗೆ ಹೇಳ್ಬ್ಯಾಡಿ ಸಾರ್. ನಮ್ಮೋರು ಎರಡು ವಾರದ ಹಿಂದೆ, ಅವ್ನು ಹೇಳೋದ್ರಲ್ಲೂ ಏನೋ ಐತೆ ಕಣೇ ಅಂದ್ರು. ನನ್ನ ಎದೆ ಧಸಕ್ ಅಂತು. ಏನಾದ್ರೂ ಆಗ್ಲಿ, ಒಪ್ಕೊಂಡ್ಬುಟ್ಟೀರಾ ಜೋಕೆ ಅಂದೆ. ನೀವು ಒಪ್ಕೊಂಡ್ರೆ ಅವ್ನು ನಮ್ಮನೆ ಕೆಲಸ ಆಯ್ತು ಅಂತ ಪಕ್ಕದ ಮನೆಗೆ ಹೊಂಟೋಯ್ತಾನೆ!"